ಕುಡಿಯೋ ನೀರಿಗೆ ಬೇರೆ ಲೆಕ್ಕ ಇಡಿ

2024ರ ಮಾರ್ಚ್ ತಿಂಗಳು. ಬೆಂಗಳೂರಿನ ಕುರುಬರಹಳ್ಳಿಯಿಂದ ಮಗಳು ಫೋನು ಮಾಡಿದಳು. "ಅಪ್ಪ, ಬರೋವಾಗ ಕಡ್ಲೇಕಾಯಿ ತರದಿದ್ರೂ ಪರವಾಗಿಲ್ಲ, ನಮ್ಮ ತೊಟ್ಟಿ ನೀರು ಒಂದು ಕ್ಯಾನು ತಗೊಂಡು ಬಾ" ಅಂದಳು. ಮೊದಲು ತಮಾಷೆಗೆ ಹೇಳ್ತಾಳೆ ಅಂದುಕೊಂಡೆ. ಆಮೇಲೆ ದನಿ ಕೇಳಿ, ಇದು ತಮಾಷೆ ಅಲ್ಲ ಅಂತ ಗೊತ್ತಾಯ್ತು.

ನಮ್ಮದು ಪಾವಗಡ ಸೀಮೆ. ರಾಜ್ಯದಲ್ಲೇ ಕಡಿಮೆ ಮಳೆ ಬೀಳೋ ಜಾಗಗಳಲ್ಲಿ ಒಂದು. ನಾಲ್ಕು ಎಕರೆ ಕೆಂಪು ನೆಲ. ಶೇಂಗಾ, ತೊಗರಿ, ಒಂದಿಷ್ಟು ರಾಗಿ. ಇಂಥ ಊರಿಂದ ಇಪ್ಪತ್ತು ಲೀಟರಿನ ಕ್ಯಾನು ತುಂಬಿಸಿಕೊಂಡು ಬಸ್ ಹತ್ತಿದೆ. ಮಧುಗಿರಿ ದಾಟಿದ ಮೇಲೆ ಕಂಡಕ್ಟರ್ ಕೇಳಿದ, "ಏನ್ ಯಜಮಾನ್ರೆ, ಎಣ್ಣೇನಾ?" ನೀರು ಅಂದೆ. "ಬೆಂಗ್ಳೂರಿಗೆ ಪಾವಗಡದಿಂದ ನೀರಾ!" ಅಂತ ಬಸ್ಸೆಲ್ಲ ಕೇಳೋ ಹಾಗೆ ನಕ್ಕ. ನಾನೂ ನಕ್ಕೆ. ಆದರೆ ಆ ಕ್ಯಾನಿನ ಹಿಂದೆ ನಮ್ಮ ಮನೆಯ ಇಪ್ಪತ್ತು ವರ್ಷದ ಕಥೆ ಇದೆ. ಅದನ್ನೂ, ಅದರಿಂದ ಕಲಿತ ಲೆಕ್ಕವನ್ನೂ ಓದುಗರ ಮುಂದೆ ಇಡೋಣ ಅಂತ ಇದನ್ನು ಬರೆದಿದ್ದೇನೆ. ಓದಿದ್ದು ಏಳನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಕುರುಬರಹಳ್ಳಿಯ ನೀರು

ಗೊರಗುಂಟೆಪಾಳ್ಯದಲ್ಲಿ ಇಳಿದು ಆಟೋ ಹಿಡಿದು ಹೋದೆ. ಮಗಳದು ಬಾಡಿಗೆ ಮನೆ, ಎರಡನೇ ಮಹಡಿ. 30-40ರ ಸೈಟಿನಲ್ಲಿ ಒಂದರ ಮೇಲೆ ಒಂದು ಮೂರು ಸಂಸಾರ. ಕಟ್ಟಡದ ಬೋರು ಫೆಬ್ರವರಿಯಲ್ಲೇ ನಿಂತಿತ್ತು. ನಲ್ಲಿ ನೀರು ವಾರಕ್ಕೆ ಎರಡು ದಿನ. ಸಾಲದ್ದಕ್ಕೆ ಮೂರು ಮನೆಯವರೂ ಸೇರಿ ಟ್ಯಾಂಕರ್ ತರಿಸ್ತಿದ್ದರು. ಟ್ಯಾಂಕರ್ ನೀರು ಕುಡಿಯೋಕೆ ಧೈರ್ಯ ಇಲ್ಲದೆ ಕುಡಿಯೋಕೆ ಬೇರೆ ಕ್ಯಾನು ಕೊಳ್ಳೋದು. ಕ್ಯಾನಿಗೆ ನಲವತ್ತು ರೂಪಾಯಿ. ಅಳಿಯಂದಿರ ಸಂಬಳದಲ್ಲಿ ಆ ತಿಂಗಳು ನೀರಿಗೆ ಹೋದ ದುಡ್ಡಿನಲ್ಲಿ ನಮ್ಮ ಕಡೆ ಒಂದು ಚೀಲ ಗೊಬ್ಬರ ಬರ್ತಿತ್ತು.

ಆ ಬೇಸಿಗೆ ಬೆಂಗಳೂರಿಗೆಲ್ಲ ಹಾಗೇ ಇತ್ತು. ನಗರದ ಬೋರುಗಳು ಸಾವಿರಗಟ್ಟಲೆ ಬತ್ತಿದವು. ಕುಡಿಯೋ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5 ಸಾವಿರ ರೂಪಾಯಿ ದಂಡ ಅಂತ ಜಲಮಂಡಳಿ ಹುಕುಂ ಮಾಡಿತು. ಅದರ ಹಿಂದಿನ ಮುಂಗಾರು, ಅಂದರೆ 2023ರದು, ಕೈಕೊಟ್ಟಿತ್ತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಸಾರಿತ್ತು.

ಸಂಜೆ ಹೊತ್ತು ಮೊಮ್ಮಗಳ ಕೈ ಹಿಡಿದು ಸುತ್ತಾಡೋವಾಗ ಬೋರ್ಡುಗಳನ್ನ ಓದ್ತಾ ಹೋದೆ. ಕುರುಬರಹಳ್ಳಿ, ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಶಿವನಹಳ್ಳಿ. ಎಲ್ಲ ಹಳ್ಳಿಗಳೇ. ನಮ್ಮಂಥವರೇ ರಾಗಿ ಬೆಳೀತಿದ್ದ ಊರುಗಳು. ಊರಿಗೊಂದು ಕೆರೆ ಇತ್ತು. ಈಗ ಆ ಕೆರೆಗಳ ಮೇಲೆ ಬಡಾವಣೆ, ಮೈದಾನ, ಕಟ್ಟಡ. ಊರ ಹೆಸರಿನಲ್ಲಿ ಹಳ್ಳಿ ಉಳಿದಿದೆ, ಕೆರೆ ಉಳಿದಿಲ್ಲ.

ಕೆರೆ ಬಿಟ್ಟ ಮೇಲೆ ನಗರ ನೀರಿಗೆ ದೂರ ದೂರ ಹೋಯ್ತು. 1890ರ ದಶಕದಲ್ಲಿ ಹೆಸರಘಟ್ಟ ಕೆರೆಯಿಂದ ಪೈಪಿನ ನೀರು ಬಂತು. 1933ರಲ್ಲಿ ಅರ್ಕಾವತಿಗೆ ಕುಮುದ್ವತಿ ಸೇರೋ ತಿಪ್ಪಗೊಂಡನಹಳ್ಳಿಯ ಕಟ್ಟೆಯಿಂದ ಬಂತು. ಅವೂ ಸಾಲದೆ 1974ರಲ್ಲಿ ಕಾವೇರಿ. ಕಾವೇರಿ ನೀರು ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದ ಹೊರಟು, ಮೂರು ಕಡೆ ಪಂಪಿನಲ್ಲಿ ಎತ್ತಿಸಿಕೊಂಡು, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಏರಿ ಬರಬೇಕು. ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯ್ತು. ಅಷ್ಟು ಕಷ್ಟಪಟ್ಟು ಬಂದ ನೀರಿನಲ್ಲೇ ಕುಡಿಯೋದೂ ಆಗಬೇಕು, ಕಕ್ಕಸಿಗೆ ಸುರಿಯೋದೂ ಆಗಬೇಕು.

ಇನ್ನೊಂದು ಸಂಗತಿ ಅಲ್ಲಿಯವರು ಹೇಳಿದರು. 2017ರ ಅಕ್ಟೋಬರ್‌ನಲ್ಲಿ ಒಂದು ಸಂಜೆ ಜೋರು ಮಳೆ ಬಂದು ಇದೇ ಕುರುಬರಹಳ್ಳಿಯ ರಾಜಕಾಲುವೆ ಉಕ್ಕಿತು. ಜನ ಕೊಚ್ಚಿಹೋಗಿ ಪ್ರಾಣ ಬಿಟ್ಟರು. ಮಳೆಗಾಲದಲ್ಲಿ ಸೂರಿನ ನೀರೆಲ್ಲ ಮೋರಿಗೆ ಬಿದ್ದು ಪ್ರಾಣ ತೆಗೆಯುತ್ತೆ. ಬೇಸಿಗೇಲಿ ಅದೇ ಬೀದಿಯಲ್ಲಿ ನಲವತ್ತು ರೂಪಾಯಿ ಕೊಟ್ಟು ಕ್ಯಾನು ಕೊಳ್ತಾರೆ. ಎರಡೂ ಒಂದೇ ನೀರು.

ನಮ್ಮ ಮನೆಯ ಕಥೆ

ನಗರದವರನ್ನ ನೋಡಿ ನಗೋ ಹಾಗಿಲ್ಲ. ನಮ್ಮ ಕಥೆ ಇನ್ನೂ ಕೆಟ್ಟದಿತ್ತು. ನಾನು ಹುಡುಗನಾಗಿದ್ದಾಗ ತೆರೆದ ಬಾವಿ ನೀರು ಕುಡೀತಿದ್ದೆವು. ಬಾವಿ ಬತ್ತಿದ ಮೇಲೆ ಬೋರು ಬಂತು. ಬೋರು ಆಳಕ್ಕೆ ಹೋದ ಹಾಗೆ ನೀರಿನ ಗುಣ ಕೆಟ್ಟಿತು. ನಮ್ಮ ನೆಲದ ಕೆಳಗಿನ ಕಲ್ಲಿನಲ್ಲಿ ಫ್ಲೋರೈಡ್ ಅಂಶ ಇದೆ. ಕಲ್ಲಿನ ಸಂದಿಯಲ್ಲಿ ನೀರು ವರ್ಷಾನುಗಟ್ಟಲೆ ನಿಂತರೆ ಅದು ಕರಗಿ ನೀರಿಗೆ ಸೇರುತ್ತೆ. ಕುಡಿಯೋ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5ರ ತನಕ ಅಂತ ನಮ್ಮ ದೇಶದ ಮಾನಕ ಹೇಳುತ್ತೆ. 2005ರಲ್ಲಿ ನಮ್ಮೂರ ಬೋರಿನ ನೀರು ಪರೀಕ್ಷೆ ಮಾಡಿಸಿದಾಗ 3 ದಾಟಿತ್ತು.

ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚೀಲೂ ಗೊತ್ತಾಗಲ್ಲ. ಮಕ್ಕಳ ಹಲ್ಲಿನಲ್ಲಿ ಕಾಣಿಸುತ್ತೆ. ಎಂಟು ವರ್ಷದೊಳಗೆ ಈ ನೀರು ಕುಡಿದು ಬೆಳೆದ ಮಕ್ಕಳಿಗೆ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತೆ. ಉಜ್ಜಿದರೆ ಹೋಗಲ್ಲ. ದೊಡ್ಡವರಿಗೆ ವರ್ಷ ಕಳೆದ ಹಾಗೆ ಮಂಡಿ, ಸೊಂಟ, ಕುತ್ತಿಗೆ ಹಿಡಿಯುತ್ತೆ. ನಮ್ಮವ್ವ ಕೊನೇ ಆರು ವರ್ಷ ಕತ್ತು ತಿರುಗಿಸಿ ನೋಡಲಾಗದೆ, ಇಡೀ ಮೈ ತಿರುಗಿಸ್ತಿದ್ದಳು. ವಾಯು ಅಂತ ಎಣ್ಣೆ ಹಚ್ಚಿದೆವು. ನೀರಿನಿಂದ ಅಂತ ಯಾರಿಗೂ ಹೊಳೆಯಲಿಲ್ಲ.

ಮಗಳು 1995ರಲ್ಲಿ ಹುಟ್ಟಿದವಳು. ಅವಳ ಹಲ್ಲಿನಲ್ಲಿ ಪಟ್ಟೆ ಇದೆ. ಗಂಡು ನೋಡೋಕೆ ಬಂದಾಗ ಬಾಯಿ ಮುಚ್ಚಿಕೊಂಡೇ ಮಾತಾಡ್ತಿದ್ದಳು. ಎರಡು ಸಂಬಂಧ ಇದೇ ಕಾರಣಕ್ಕೆ ತಪ್ಪಿದವು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ನಮಗೆ ತಿಳೀತು. ಮಗ 2006ರಲ್ಲಿ ಹುಟ್ಟಿದ. ನಾವು ಮಳೆನೀರಿನ ತೊಟ್ಟಿ ಕಟ್ಟಿದ್ದು ಅದೇ ವರ್ಷ. ಅವನ ಹಲ್ಲು ಬೆಳ್ಳಗಿದೆ. ಒಂದೇ ಮನೆ, ಒಂದೇ ಊಟ, ಅಕ್ಕ ತಮ್ಮ. ಬದಲಾದದ್ದು ಕುಡಿಯೋ ನೀರು ಒಂದೇ. ನನಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಒಂದು ಎಚ್ಚರಿಕೆ. ಫ್ಲೋರೈಡ್ ನೀರನ್ನ ಕಾಯಿಸಿ ಕುಡಿದರೆ ಸರಿಹೋಗುತ್ತೆ ಅಂತ ಬಹಳ ಜನ ನಂಬಿದ್ದಾರೆ. ತಪ್ಪು. ಕಾಯಿಸಿದರೆ ರೋಗಾಣು ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಹೋದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತೆ. ಬಟ್ಟೇಲಿ ಸೋಸಿದರೂ ಹೋಗಲ್ಲ.

ಎಲ್ಲಿ ಲೆಕ್ಕ ತಪ್ಪುತ್ತೇವೆ

ನೀರು ಸಾಲಲ್ಲ ಅನ್ನೋವಾಗ ನಾವು ಎಲ್ಲ ನೀರನ್ನೂ ಒಂದೇ ರಾಶಿಗೆ ಹಾಕಿ ಲೆಕ್ಕ ಮಾಡ್ತೀವಿ. 2019ರಲ್ಲಿ ಶುರುವಾದ ಜಲಜೀವನ್ ಯೋಜನೆ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಇಟ್ಟುಕೊಂಡಿದೆ. ಐದು ಜನರ ಮನೆಗೆ 275 ಲೀಟರ್. ಇಷ್ಟನ್ನೂ ಶುದ್ಧ ಮಾಡಬೇಕು ಅಂದರೆ ದೊಡ್ಡ ಕೆಲಸ. ಆದರೆ ಇದರಲ್ಲಿ ಹೊಟ್ಟೆಗೆ ಹೋಗೋದು ಎಷ್ಟು? ಕುಡಿಯೋಕೆ, ಅನ್ನ ಸಾರು ಮುದ್ದೆಗೆ ಸೇರಿ ಒಬ್ಬರಿಗೆ 5 ಲೀಟರ್ ಸಾಕು. ಐದು ಜನಕ್ಕೆ 25, ಬಂದು ಹೋಗೋರಿಗೆ 5 ಸೇರಿಸಿ 30 ಲೀಟರ್. ಅಂದರೆ ಎರಡು ಬಿಂದಿಗೆ. ಫ್ಲೋರೈಡ್ ಇರೋ ಬೋರಿನ ನೀರಿನಲ್ಲಿ ಪಾತ್ರೆ ತೊಳೀಬಹುದು, ಸ್ನಾನ ಮಾಡಬಹುದು, ಬಟ್ಟೆ ಒಗೀಬಹುದು. ಹೊಟ್ಟೆಗೆ ಹೋಗಬಾರದು, ಅಷ್ಟೇ.

ಇದು ಹೊಸ ಬುದ್ಧಿ ಏನಲ್ಲ. ಗದಗ, ನವಲಗುಂದ, ನರಗುಂದದ ಕರಿನೆಲದಲ್ಲಿ ಬಾವಿ ತೋಡಿದರೆ ಸವಳು ನೀರು. ಅಲ್ಲಿಯ ಹಿರಿಯರು ಕುಡಿಯೋ ನೀರಿಗೇ ಅಂತ ಮಳೆನೀರಿನ ಕೆರೆ ಬೇರೆ ಇಟ್ಟರು. ಅದರಲ್ಲಿ ದನ ಇಳಿಸೋ ಹಾಗಿಲ್ಲ, ಬಟ್ಟೆ ಒಗೆಯೋ ಹಾಗಿಲ್ಲ. ಬಳಸೋಕೆ ಬೇರೆ ನೀರು. ಥಾಯ್ಲೆಂಡ್ ದೇಶದ ಈಶಾನ್ಯ ಭಾಗವೂ ನಮ್ಮ ಹಾಗೆ ಒಣ ಸೀಮೆ. ಅಲ್ಲಿ 1980ರ ದಶಕದಲ್ಲಿ ಲಕ್ಷಾಂತರ ಮನೆಗಳ ಮುಂದೆ 2 ಸಾವಿರ ಲೀಟರಿನಷ್ಟು ಹಿಡಿಯೋ ಸಿಮೆಂಟಿನ ಗುಡಾಣಗಳನ್ನ ಕಟ್ಟಿಸಿ ಸೂರಿನ ನೀರು ತುಂಬಿಸಿದರು. ಬರೀ ಕುಡಿಯೋಕೆ.

ನಮ್ಮ ಕಡೆಯೂ ಬೈಫ್ ಸಂಸ್ಥೆಯವರು 'ಸಚೇತನ' ಅನ್ನೋ ಯೋಜನೆಯಲ್ಲಿ ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಫ್ಲೋರೈಡ್ ಊರುಗಳಲ್ಲಿ ಮನೆಮನೆಗೆ ಇಂಥ ತೊಟ್ಟಿ ಕಟ್ಟಿಸಿದ್ದಾರೆ. ನಾನು ಕಟ್ಟಿದ್ದು ಸ್ವಂತ ದುಡ್ಡಿನಲ್ಲಿ, ಒಂದು ಜೊತೆ ಹೋರಿ ಮಾರಿ.

ವಿಜಯನಗರದ ಒಂದು ಮನೆ

ಮಗಳ ಮನೆಯಿಂದ ವಿಜಯನಗರ ದೂರವೇನಿಲ್ಲ. ಅಲ್ಲಿ 'ಸೌರಭ' ಅನ್ನೋ ಒಂದು ಮನೆ. ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ಅವರದು. 1995ರಲ್ಲಿ ಕಟ್ಟಿದ ಮನೆಗೆ ಜಲಮಂಡಳಿಯ ನಲ್ಲಿಯನ್ನೇ ಹಾಕಿಸಿಕೊಳ್ಳದೆ, ಕುಡಿಯೋಕೂ ಬಳಸೋಕೂ ಮಳೆನೀರಿನಲ್ಲೇ ಸಂಸಾರ ಮಾಡಿದರು. ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದ ಕಥೆ ಇದು. ನನಗೆ ಹಿಡಿಸಿದ್ದು ಅವರು ಲೆಕ್ಕ ಹಾಕಿದ ರೀತಿ.

ಮನೆ ಕಟ್ಟೋ ಮೊದಲು ಅವರು ಬೆಂಗಳೂರಿನ ನೂರು ವರ್ಷದ ಮಳೆ ಲೆಕ್ಕ ತೆಗೆದು ನೋಡಿದರಂತೆ. ನಾವಾಗಿದ್ದರೆ "ಎಷ್ಟು ಮಳೆ ಬರುತ್ತೆ" ಅಂತ ನೋಡ್ತಿದ್ದೆವು. ಅವರು "ಮಳೆ ಇಲ್ಲದ ದಿನ ಎಷ್ಟು" ಅಂತ ನೋಡಿದರು. ಒಂದು ಒಳ್ಳೇ ಮಳೆಯಿಂದ ಇನ್ನೊಂದು ಒಳ್ಳೇ ಮಳೆಗೆ 90-100 ದಿನದ ಅಂತರ ಬರುತ್ತೆ ಅಂತ ಗೊತ್ತಾಯ್ತು. ಮನೆಗೆ ದಿನಕ್ಕೆ 400 ಲೀಟರ್ ಬೇಕು. 100 ದಿನಕ್ಕೆ 40 ಸಾವಿರ. ಅದಕ್ಕೆ ಸ್ವಲ್ಪ ಹೆಚ್ಚಾಗಿ 45 ಸಾವಿರ ಲೀಟರ್ ಹಿಡಿಯೋ ಹಾಗೆ ತೊಟ್ಟಿಗಳನ್ನ ಮಾಡಿಕೊಂಡರು. ಬಟ್ಟೆ ಒಗೆದ ನೀರನ್ನ ಸೋಸಿ ಕಕ್ಕಸಿಗೆ ಬಳಸಿದರು.

ಇದೇ ಸೂತ್ರ. ತೊಟ್ಟಿ ಎಷ್ಟು ದೊಡ್ಡದಿರಬೇಕು ಅನ್ನೋದನ್ನ ಮಳೆ ಹೇಳಲ್ಲ, ಒಣ ದಿನ ಹೇಳುತ್ತೆ. ಇದನ್ನ ತಿಳಿಯೋ ಆಸೆ ಇರೋರು ಬೆಂಗಳೂರಿಗೆ ಹೋದಾಗ ಜಯನಗರ 5ನೇ ಬ್ಲಾಕಿನಲ್ಲಿ 2011ರಲ್ಲಿ ಜಲಮಂಡಳಿ ತೆರೆದ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೇಂದ್ರಕ್ಕೆ ಹೋಗಬಹುದು. ಬಗೆಬಗೆಯ ಸೋಸು ಡಬ್ಬಿ, ಪೈಪು, ತೊಟ್ಟಿಗಳ ಮಾದರಿಗಳನ್ನ ಮಾಡಿ ಇಟ್ಟಿದ್ದಾರೆ. ಕಣ್ಣಲ್ಲಿ ನೋಡಿದರೆ ಬೇಗ ತಲೆಗೆ ಹತ್ತುತ್ತೆ.

ನಿಮ್ಮ ಮನೆಗೆ ಲೆಕ್ಕ ಹಾಕೋದು ಹೀಗೆ

ಪೆನ್ಸಿಲು ಹಿಡಿದುಕೊಳ್ಳಿ.

1) ಸೂರು ಅಳೀರಿ. ಇಳಿಜಾರು ಸೂರಾದರೆ ಹೆಂಚಿನ ಉದ್ದ ಅಳೀಬೇಡಿ, ಸೂರು ನೆಲದ ಮೇಲೆ ಎಷ್ಟು ಜಾಗ ಮುಚ್ಚಿದೆ ಅಷ್ಟನ್ನ ಅಳೀರಿ. ನಮ್ಮದು 30 ಅಡಿಗೆ 20 ಅಡಿ, ಅಂದರೆ 600 ಚದರ ಅಡಿ. ಮೀಟರ್ ಲೆಕ್ಕದಲ್ಲಿ 56 ಚದರ ಮೀಟರ್.

2) ನೆನಪಿಡೋಕೆ ಸುಲಭ: ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಹಳೇ ಲೆಕ್ಕದವರಿಗೆ: ನೂರು ಚದರ ಅಡಿಗೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 235 ಲೀಟರ್.

3) ನಮ್ಮ ಕಡೆ ವರ್ಷಕ್ಕೆ 500 ಮಿ.ಮೀ. ಅಂತ ಇಟ್ಟುಕೊಳ್ಳಿ. 56ನ್ನ 500ರಿಂದ ಗುಣಿಸಿದರೆ 28 ಸಾವಿರ ಲೀಟರ್. ಎಲ್ಲ ಸಿಗಲ್ಲ. ಹೆಂಚು ಕುಡಿಯುತ್ತೆ, ಮೊದಲ ನೀರು ಬಿಡಬೇಕು, ಸಣ್ಣ ಹನಿ ಒಣಗುತ್ತೆ. ಐದರಲ್ಲಿ ಒಂದು ಪಾಲು ಕಳೆದರೆ 22 ಸಾವಿರದ ಮೇಲೆ ಕೈಗೆ ಬರುತ್ತೆ.

4) ಬೇಕಾಗಿರೋದು ದಿನಕ್ಕೆ 30 ಲೀಟರ್, ವರ್ಷಕ್ಕೆ 10,950. ಅಂದರೆ ಅರ್ಧ ಮಳೆ ಬಂದ ವರ್ಷವೂ ಕೂದಲೆಳೆಯಲ್ಲಿ ಸಾಕಾಗುತ್ತೆ. 2023ರಲ್ಲಿ ನನ್ನ ಶೇಂಗಾ ಹಾಕಿದ ಬೀಜವೂ ವಾಪಸ್ ಬರಲಿಲ್ಲ, ಆದರೆ ತೊಟ್ಟಿ ತುಂಬಿತ್ತು. ಬೆಳೆಗೆ ಸಾಲದ ಮಳೆ ಬಾಯಿಗೆ ಸಾಲುತ್ತೆ. ಈ ಮಾತನ್ನ ನಾನು ಎಲ್ಲ ಕಡೆ ಹೇಳ್ತೇನೆ.

5) ತೊಟ್ಟಿ ಅಳತೆಗೆ ಒಣ ದಿನ ಎಣಿಸಿ. ನಮ್ಮ ಕಡೆ ನವೆಂಬರ್ ಮಧ್ಯಕ್ಕೆ ಮಳೆ ಮುಗಿದರೆ ಮತ್ತೆ ನಂಬೋ ಹಾಗಿರೋದು ಮೇ ಮಧ್ಯಕ್ಕೆ. 180 ದಿನ. 30 ಲೀಟರಿನಂತೆ 5,400. ಮಳೆ ತಡವಾದರೆ ಅಂತ ಒಂದು ಸಾವಿರದ ನೂರು ಸೇರಿಸಿ, 6,500 ಲೀಟರ್.

6) ನೆಲದೊಳಗೆ ದುಂಡು ತೊಟ್ಟಿ, 7 ಅಡಿ ಅಗಲ, 6 ಅಡಿ ಆಳ ಕಟ್ಟಿದರೆ ಸುಮಾರು ಅಷ್ಟೇ ಹಿಡಿಯುತ್ತೆ. ಒಂದು ಘನ ಅಡಿಗೆ 28 ಲೀಟರ್ ಅಂತ ಲೆಕ್ಕ.

ನಿಮ್ಮದು ಮಲೆನಾಡಾದರೆ ಒಣ ದಿನ ಬೇರೆ, ಮಳೆ ಬೇರೆ. ಅಂಕಿ ಬದಲಾಯಿಸಿ, ಲೆಕ್ಕದ ದಾರಿ ಇದೇ.

ಕಟ್ಟೋವಾಗ ನಾನು ಮಾಡಿದ ತಪ್ಪುಗಳು

ಮೊದಲನೇ ತಪ್ಪು, ಮೊದಲ ಮಳೆ ನೀರು ಬಿಡೋ ವಿಷಯ. ಬೇಸಿಗೆಯೆಲ್ಲ ಸೂರಿನ ಮೇಲೆ ಧೂಳು, ಹಕ್ಕಿ ಹಿಕ್ಕೆ, ಎಲೆ ಬಿದ್ದಿರುತ್ತೆ. ಪೈಪಿನ ತುದಿಗೆ ಮೂರು ಅಡಿ ತುಂಡು ಇಳಿಬಿಟ್ಟು ಮುಚ್ಚಳ ಹಾಕಿ, ಕೊಳೆ ನೀರು ಅದರಲ್ಲಿ ನಿಲ್ಲುತ್ತೆ ಅಂದುಕೊಂಡೆ. ನಾಲ್ಕು ಅಂಗುಲದ ಪೈಪು ಮೂರು ಅಡಿಗೆ ಏಳೆಂಟು ಲೀಟರ್ ಹಿಡಿಯುತ್ತೆ ಅಷ್ಟೇ. 600 ಚದರ ಅಡಿ ಸೂರು ತೊಳೆಯೋಕೆ ಮೊದಲ ಎರಡು ಮಿ.ಮೀ. ಮಳೆ, ಅಂದರೆ 110 ಲೀಟರ್ ಹೊರಗೆ ಹೋಗಬೇಕು. ಆ ವರ್ಷದ ನೀರು ವಾಸನೆ ಬಂದು ಪೂರ್ತಿ ಬಳಚಿ ಗಿಡಕ್ಕೆ ಹಾಕಿದೆ. ಈಗ ಪೈಪಿನ ಬುಡದಲ್ಲಿ ಬಿಚ್ಚೋ ಮುಚ್ಚಳ ಇಟ್ಟಿದ್ದೇನೆ. ಮಳೆ ಶುರುವಾಗಿ ಹದಿನೈದು ನಿಮಿಷ ಬಿಟ್ಟು, ಸೂರಿನ ನೀರು ತಿಳಿಯಾದ ಮೇಲೆ ಮುಚ್ಚೋದು. ಈ ಕೆಲಸ ನಮ್ಮ ಮನೆಯಾಕೆಯದು. ನನಗೆ ಮರೆಯುತ್ತೆ, ಅವಳಿಗೆ ಮರೆಯಲ್ಲ.

ಎರಡನೇ ತಪ್ಪು, ಮುಚ್ಚಳ. ದುಡ್ಡು ಉಳಿಸೋಕೆ ಮೇಲೆ ತಗಡು ಮುಚ್ಚಿದ್ದೆ. ಸಂದೀಲಿ ಬೆಳಕು ಬಿದ್ದು ಪಾಚಿ ಕಟ್ಟಿತು, ಸೊಳ್ಳೆ ಮರಿ ಆಡಿತು. ತೊಟ್ಟಿಯೊಳಗೆ ಬೆಳಕು ಹೋಗಬಾರದು. ಕತ್ತಲಿದ್ದರೆ ಪಾಚಿ ಇಲ್ಲ. ಸಿಮೆಂಟಿನ ಬಿಲ್ಲೆ ಹಾಕಿಸಿ, ಹೆಚ್ಚಾದ ನೀರು ಹೊರಹೋಗೋ ಪೈಪಿನ ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿ.

ಮೂರನೇ ತಪ್ಪು, ಬಿಂದಿಗೆ ಅದ್ದಿ ತೆಗೀತಿದ್ದೆವು. ಕೈಕೊಳೆ, ಹಗ್ಗದ ಕೊಳೆ ಎಲ್ಲ ಒಳಗೆ. ಮಗನಿಗೆ ಭೇದಿಯಾಗಿ ಮೂರು ದಿನ ಆಸ್ಪತ್ರೆಯಲ್ಲಿ ಕೂತ ಮೇಲೆ ಬುದ್ಧಿ ಬಂತು. ಸಣ್ಣ ಕೈಪಂಪು ಹಾಕಿಸಿದೆ. ಅದ್ದೋದು ಬಂದ್.

ಮಿಕ್ಕ ಎಚ್ಚರಗಳು ಇವು:

ತೊಟ್ಟಿ ಜಾಗ ಕಕ್ಕಸು ಗುಂಡಿ, ಕೊಟ್ಟಿಗೆ, ತಿಪ್ಪೆಗಳಿಂದ 50 ಅಡಿ ದೂರ, ಅವಕ್ಕಿಂತ ಎತ್ತರದಲ್ಲಿರಲಿ. ಸೂರಿನ ಮೇಲೆ ಮರದ ಕೊಂಬೆ ಚಾಚಿದ್ದರೆ ಕಡೀರಿ. ತುಕ್ಕು ಹಿಡಿದ ತಗಡು, ಹುಲ್ಲು ಸೂರು, ಹಳೇ ಬಣ್ಣ ಉದುರೋ ಸೂರಿನ ನೀರು ಕುಡಿಯೋಕೆ ಬೇಡ. ಪಕ್ಕದ ಹೊಲಕ್ಕೆ ಔಷಧಿ ಹೊಡೆದ ದಿನ ಬಂದ ಮಳೆಯನ್ನ ಹೊರಗೇ ಬಿಡಿ.

ಸೋಸೋಕೆ ಒಂದು ಹಳೇ ಡ್ರಮ್ಮು ಸಾಕು. ಅದರಲ್ಲಿ ಔಷಧಿ ಇಟ್ಟಿರಬಾರದು. ಕೆಳಗೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಆಮೇಲೆ ಇದ್ದಿಲು, ಅದರ ಮೇಲೆ ಜಾಲರಿ ಹಾಸಿ ತೊಳೆದ ದಪ್ಪ ಮರಳು. ವರ್ಷಕ್ಕೊಮ್ಮೆ ಮಳೆಗೆ ಮೊದಲು ಎಲ್ಲ ತೆಗೆದು ತೊಳೆದು ಒಣಗಿಸಿ ಹಾಕಿ. ಇದು ಕಸ ಹಿಡಿಯುತ್ತೆ, ರೋಗಾಣು ಪೂರಾ ಹಿಡಿಯಲ್ಲ. ಆದ್ದರಿಂದ ಕುಡಿಯೋ ನೀರು ಕಾಯಿಸಿ. ಇಲ್ಲವೇ ಬ್ಲೀಚಿಂಗ್ ಪುಡಿ ಹಾಕಿ. ಸಾವಿರ ಲೀಟರ್ ನೀರಿಗೆ ಒಳ್ಳೇ ಪುಡಿ ಎರಡೂವರೆ ಗ್ರಾಂ ಸಾಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿ ನೀರು ಮಾತ್ರ ತೊಟ್ಟಿಗೆ ಹಾಕಿ, ಒಂದು ಗಂಟೆ ಬಿಟ್ಟು ಬಳಸಿ. ಹಳೇ ಪುಡಿ, ಬಾಯಿ ಬಿಚ್ಚಿಟ್ಟ ಪುಡಿಗೆ ಶಕ್ತಿ ಇರಲ್ಲ.

ನೀರು ಪರೀಕ್ಷೆಗೆ ಹಿಂದಿನ ಹಾಗೆ ಜಿಲ್ಲಾ ಕೇಂದ್ರಕ್ಕೇ ಓಡಬೇಕಿಲ್ಲ. ಜಲಜೀವನ್ ಯೋಜನೆಯಲ್ಲಿ ಪ್ರತಿ ಊರಿನ ಐದು ಹೆಂಗಸರಿಗೆ ಪರೀಕ್ಷೆ ಪೆಟ್ಟಿಗೆ ಬಳಸೋ ತರಬೇತಿ ಕೊಡಬೇಕು ಅಂತ ಇದೆ. ನಿಮ್ಮ ಪಂಚಾಯ್ತಿಯಲ್ಲಿ ಪೆಟ್ಟಿಗೆ ಎಲ್ಲಿದೆ, ಯಾರು ಕಲಿತಿದ್ದಾರೆ ಅಂತ ಕೇಳಿ. ರೋಗಾಣು ನೋಡೋಕೆ ಒಂದು ಸಣ್ಣ ಬಾಟಲಿ ಬರುತ್ತೆ. ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಆ ನೀರು ಕುಡಿಯೋ ಹಾಗಿಲ್ಲ.

ಕೋಲು ಇಟ್ಟು ಅಳೀರಿ

ತೊಟ್ಟಿ ಕಟ್ಟಿದ ಮೊದಲ ವರ್ಷ ನಮ್ಮ ನೀರು ಯುಗಾದಿಗೇ ಮುಗಿಯಿತು. ಕಾರಣ, ಸಿಹಿನೀರು ಅಂತ ಬೇಳೆ ಬೇಯಿಸೋರು, ಕಾಫಿಗೆ ಅನ್ನೋರು ಬಂದು ಬಂದು ಒಯ್ದರು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಮನೆಯಾಕೆಯೇ ಒಂದು ಉಪಾಯ ಮಾಡಿದಳು. ಬಿದಿರು ಕೋಲಿಗೆ ಗೆರೆ ಹಾಕಿ ತೊಟ್ಟಿ ಪಕ್ಕ ಇಟ್ಟಳು. ಆರು ಅಡಿ ತುಂಬಿದ ತೊಟ್ಟಿ ಸಂಕ್ರಾಂತಿಗೆ ನಾಲ್ಕು ಅಡಿಗಿಂತ ಕೆಳಗೆ ಹೋಗಬಾರದು. ಯುಗಾದಿಗೆ ಎರಡು ಅಡಿ ಇರಬೇಕು. ಮೇ ಮಧ್ಯಕ್ಕೆ ಒಂದು ಅಡಿ. ಕೋಲು ನೋಡಿದರೆ ಯಾರಿಗೂ ಬಾಯಿಬಿಟ್ಟು ಹೇಳೋದು ಬೇಡ. ಗೆರೆಗಿಂತ ಕೆಳಗಿದ್ದರೆ ನೆಂಟರು ಬಂದಾಗಲೂ ಸ್ನಾನಕ್ಕೆ, ಪಾತ್ರೆಗೆ ಬೋರಿನ ನೀರೇ. ನಮ್ಮ ಓಣೀಲಿ ಈಗ ಏಳು ಮನೆಯಲ್ಲಿ ತೊಟ್ಟಿ ಇದೆ. ಹಾಗಾಗಿ ಕೇಳಿ ಬರೋರೂ ಕಡಿಮೆ.

ಊರಲ್ಲಿ ಐದು ರೂಪಾಯಿ ಹಾಕಿದರೆ ಇಪ್ಪತ್ತು ಲೀಟರ್ ಕೊಡೋ ಶುದ್ಧ ನೀರಿನ ಘಟಕವೂ ಬಂದಿದೆ. ನಡೆದಾಗ ಒಳ್ಳೇದೇ. ಆದರೆ ಅದಕ್ಕೆ ಬೋರು ಇರಬೇಕು, ಕರೆಂಟು ಇರಬೇಕು, ಕೆಟ್ಟರೆ ರಿಪೇರಿಯವರು ಬರಬೇಕು. ಒಂದು ಸಲ ನಾಲ್ಕು ತಿಂಗಳು ಬೀಗ ಬಿದ್ದಿತ್ತು. ತೊಟ್ಟಿ ಇರೋರು ಬಚಾವಾದರು. ಬೇರೆಯವರು ಮತ್ತೆ ಬೋರಿನ ನೀರು ಕುಡಿದರು.

ಮತ್ತೆ ಕುರುಬರಹಳ್ಳಿಗೆ

ಬಾಡಿಗೆದಾರರಿಗೆ ಸೂರು ಎಲ್ಲಿದೆ? ಇದನ್ನೂ ಯೋಚಿಸಬೇಕು. ಬೆಂಗಳೂರಿನಲ್ಲಿ 2009ರಿಂದ ಮಳೆನೀರು ಕೊಯ್ಲು ಕಾನೂನು ಇದೆ. 60-40ರ ಹಳೇ ಮನೆಗೂ, 30-40ರ ಹೊಸ ಮನೆಗೂ ಕಡ್ಡಾಯ ಅಂತ ಬಂತು. ಮಗಳಿರೋದು 30-40ರ ಹಳೇ ಕಟ್ಟಡ, ಕಾನೂನಿನ ಕಟ್ಟು ಅದಕ್ಕೆ ಬರಲಿಲ್ಲ. ಮಾಲೀಕರ ಹತ್ತಿರ ನಾನೇ ಹೋದೆ. ಕ್ಯಾಲೆಂಡರ್ ಹಾಳೆ ಹಿಂದೆ ಬರೆದು ತೋರಿಸಿದೆ. ತಾರಸಿ 900 ಚದರ ಅಡಿ. ಬೆಂಗಳೂರಿಗೆ ಸರಾಸರಿ 970 ಮಿ.ಮೀ. ಮಳೆ. ಐದರಲ್ಲೊಂದು ಪಾಲು ಬಿಟ್ಟರೂ ವರ್ಷಕ್ಕೆ 65 ಸಾವಿರ ಲೀಟರ್. ಮೂರು ಮನೆಯ ಹನ್ನೆರಡು ಜನಕ್ಕೆ ಕುಡಿಯೋಕೆ, ಅಡುಗೆಗೆ ದಿನಕ್ಕೆ 60 ಲೀಟರ್, ವರ್ಷಕ್ಕೆ 22 ಸಾವಿರ. "ಸ್ವಾಮಿ, ಮೂರರಲ್ಲಿ ಒಂದು ಪಾಲು ಹಿಡಿದರೂ ಮೂರು ಮನೆಗೆ ಆಯ್ತಲ್ಲ" ಅಂದೆ. ನೋಡೋಣ ಯಜಮಾನ್ರೆ ಅಂದರು.

ಒಂದು ವರ್ಷ ನೋಡಿದರು. ಆಮೇಲೆ ಮೂರು ಮನೆಯವರೂ ಖರ್ಚು ಹಂಚಿಕೊಂಡು, ಮೆಟ್ಟಿಲ ಪಕ್ಕ 2 ಸಾವಿರ ಲೀಟರಿನ ಟ್ಯಾಂಕ್ ಕೂರಿಸಿದರು. ಅದಕ್ಕಿಂತ ದೊಡ್ಡದಕ್ಕೆ ಜಾಗ ಇಲ್ಲ. ದಿನಕ್ಕೆ 60 ಲೀಟರಿನಂತೆ ಅದು 33 ದಿನ ಬರುತ್ತೆ. 100 ದಿನದ ಒಣ ಬೇಸಿಗೆಗೆ ಸಾಲಲ್ಲ. ಮೇ ತಿಂಗಳಿಂದ ನವೆಂಬರ್ ತನಕ ಕ್ಯಾನು ತರಿಸೋದು ನಿಂತಿದೆ, ಬೇಸಿಗೇಲಿ ಈಗಲೂ ತರಿಸ್ತಾರೆ. ಪೂರ್ತಿ ಗೆದ್ದೆವು ಅಂತ ನಾನು ಹೇಳಲ್ಲ. ವರ್ಷದ ಅರ್ಧ ದುಡ್ಡು ಉಳೀತು.

ಮೊಮ್ಮಗಳಿಗೆ ಈಗ ಹಾಲು ಹಲ್ಲು ಬಿದ್ದು ಹೊಸ ಹಲ್ಲು ಬರೋ ವಯಸ್ಸು. ಫೋನಿನಲ್ಲಿ "ತಾತ, ನೋಡು" ಅಂತ ಬಾಯಿ ತೆರೆದು ತೋರಿಸ್ತಾಳೆ. ಅವಳ ಅಮ್ಮ ಪಕ್ಕದಲ್ಲಿ ನಿಂತು ನಗ್ತಾಳೆ, ಈಗಲೂ ಸೆರಗು ಅಡ್ಡ ಹಿಡಿದುಕೊಂಡು.

ಈ ಸಲ ಮುಂಗಾರಿಗೆ ಮೊದಲು ಒಂದು ಕೆಲಸ ಮಾಡಿ. ತೊಟ್ಟಿ ಕಟ್ಟೋದು ಆಮೇಲೆ. ಮೊದಲು ನಿಮ್ಮ ಮನೇಲಿ ದಿನಕ್ಕೆ ಹೊಟ್ಟೆಗೆ ಹೋಗೋ ನೀರು ಎಷ್ಟು ಬಿಂದಿಗೆ ಅಂತ ಒಂದು ವಾರ ಬರೆದಿಡಿ. ನಿಮ್ಮ ಊರಲ್ಲಿ ಮಳೆ ಇಲ್ಲದ ದಿನ ಎಷ್ಟು ಅಂತ ಹಿರಿಯರನ್ನ ಕೇಳಿ. ಎರಡನ್ನೂ ಗುಣಿಸಿ. ಅಂಕಿ ಎಷ್ಟು ಚಿಕ್ಕದು ಅಂತ ನಿಮಗೇ ಆಶ್ಚರ್ಯ ಆಗುತ್ತೆ. ತೊಟ್ಟಿ ಮಾಡಿದೋರು, ಮಾಡಿ ಕೆಟ್ಟೋರು, ಇಬ್ಬರೂ ಪತ್ರಿಕೆಗೆ ಬರೀರಿ. ಕೆಟ್ಟೋರು ಮೊದಲು ಬರೀರಿ, ನಮಗೆ ಅದರಿಂದಲೇ ಹೆಚ್ಚು ಉಪಯೋಗ.